ಕುದುರೆಮುಖಕ್ಕೆ ಹೋದವರಿಗೆ ಗಣಿ ಯಾಕೆ ಕಾಣುವುದಿಲ್ಲ?

ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ ಹಾದು ಶೃಂಗೇರಿ ದಾಟಿದರೆ ತನಿಕೋಡು ಗೇಟು. ಅರಣ್ಯ ಇಲಾಖೆಯವರು ಗಾಡಿ ನಂಬರು, ಸಮಯ ಬರೆದ ಚೀಟಿ ಕೊಡುತ್ತಾರೆ. ಇಷ್ಟು ಹೊತ್ತಿನೊಳಗೆ ಆಚೆ ಗೇಟು ದಾಟಬೇಕು. ಮುಂದೆ ಎಸ್.ಕೆ. ಬಾರ್ಡರ್. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ಎಷ್ಟು ಕಾಲವಾಯಿತೋ, ಬಸ್ಸಿನವರ ಬಾಯಲ್ಲಿ ಇನ್ನೂ ಉಳಿದಿದೆ. ಬಲಕ್ಕೆ ಹೋದರೆ ಮಾಳ, ಕಾರ್ಕಳ. ಎಡಕ್ಕೆ ಹೋದರೆ ಕುದುರೆಮುಖ.

ಆದರೆ ಯಾವ ಕುದುರೆಮುಖ? ಎಷ್ಟೋ ಜನ ಮ್ಯಾಪ್ ನಂಬಿ ಟೌನ್‌ಶಿಪ್‌ಗೆ ಬಂದು, ಬೆಟ್ಟ ಎಲ್ಲಿ ಅಂತ ಕೇಳುತ್ತಾರೆ. 1,894 ಮೀಟರ್ ಎತ್ತರದ ಆ ಶಿಖರಕ್ಕೆ ಹತ್ತುವ ದಾರಿ ಇಲ್ಲಿಲ್ಲ. ಸಂಸೆಯ ಕಡೆಗೆ ಮುಂದೆ ಹೋಗಿ, ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿ ಮುಟ್ಟಬೇಕು. ಈ ಊರು ಬೆಟ್ಟದ ಹೆಸರು ಇಟ್ಟುಕೊಂಡಿದೆ ಅಷ್ಟೆ. ಇದು ಹುಟ್ಟಿದ್ದು ಮಲ್ಲೇಶ್ವರ ಎಂಬ ಜಾಗದಲ್ಲಿ, ಕಬ್ಬಿಣದ ಅದಿರಿಗಾಗಿ.

ಇಲ್ಲಿ ಅದಿರು ಇದೆ ಎಂದು 1913ರಲ್ಲೇ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್. ಗೊತ್ತಾದ ಮೇಲೂ ಅರವತ್ತು ವರ್ಷ ಬೆಟ್ಟ ಹಾಗೇ ಇತ್ತು. ಇಲ್ಲಿಯದು ಮ್ಯಾಗ್ನಟೈಟ್ ಎಂಬ ಬಗೆಯ ಅದಿರು. ಅದರಲ್ಲಿ ಕಬ್ಬಿಣ ಇರುವುದು ಶೇ. 38ರಷ್ಟು ಮಾತ್ರ. ಬಳ್ಳಾರಿ ಅದಿರಿನ ಹಾಗೆ ಅಗೆದು ಲಾರಿಗೆ ತುಂಬುವಂಥದ್ದಲ್ಲ. ಪುಡಿ ಮಾಡಿ, ನೀರಿನಲ್ಲಿ ಕಲಸಿ, ಅಯಸ್ಕಾಂತದಿಂದ ಕಬ್ಬಿಣವನ್ನು ಎಳೆದು ತೆಗೆಯಬೇಕು. ಅದಕ್ಕೆ ದೊಡ್ಡ ದುಡ್ಡು ಬೇಕು.

ದುಡ್ಡು ಬಂದದ್ದು ಇರಾನಿನಿಂದ. 1975ರಲ್ಲಿ ಅಲ್ಲಿಯ ದೊರೆ ಷಾನ ಸರ್ಕಾರ 63 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಅದಿರು ಕೊಳ್ಳುವವರೂ ಅವರೇ. ಮರುವರ್ಷ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ಘಟ್ಟದ ರಸ್ತೆ, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎಲ್ಲಾ ಎದ್ದವು. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರು. ಸಾಲ ಅರ್ಧಕ್ಕೇ ನಿಂತಿತು, ಗಿರಾಕಿಯೂ ಹೋಯಿತು. ಟೆಹರಾನಿನ ಬೀದಿಯ ಗಲಾಟೆ ಮಲೆನಾಡಿನ ಒಂದು ಮೂಲೆಗೆ ಹೀಗೆ ತಟ್ಟಿತು. ಕಂಪನಿ ಹೇಗೋ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಅದಿರಿನ ಪುಡಿಯನ್ನು ನೀರಿನೊಂದಿಗೆ ಪೈಪಿನಲ್ಲಿ 67 ಕಿಲೋಮೀಟರ್ ಹರಿಸಿ ಮಂಗಳೂರಿಗೆ ಇಳಿಸುತ್ತಿದ್ದರು. ವರ್ಷಕ್ಕೆ 75 ಲಕ್ಷ ಟನ್ ಪುಡಿ ತೆಗೆಯುವ ಯೋಜನೆ. ಅದಕ್ಕೆ ಅಗೆಯಬೇಕಾದ ಅದಿರು ಹತ್ತಿರ ಹತ್ತಿರ ಮೂರು ಪಟ್ಟು. ಉಳಿದ ಎರಡು ಪಾಲು ಎಲ್ಲಿಗೆ ಹೋಗಬೇಕು?

ಅದಕ್ಕೇ ಕಟ್ಟಿದ್ದು ಲಕ್ಯಾ ಅಣೆಕಟ್ಟು. ಫೋಟೋದಲ್ಲಿ ನೋಡಿದವರು ನೀರಾವರಿಗೋ ಕರೆಂಟಿಗೋ ಕಟ್ಟಿದ್ದು ಅಂದುಕೊಳ್ಳುತ್ತಾರೆ. ಅಲ್ಲ. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡವಾಗಿ ನೂರು ಮೀಟರ್ ಎತ್ತರಕ್ಕೆ ಎದ್ದಿರುವ ಈ ಒಡ್ಡಿನ ಹಿಂದೆ ತುಂಬಿರುವುದು ಕಬ್ಬಿಣ ತೆಗೆದ ಮೇಲೆ ಉಳಿದ ನುಣ್ಣನೆಯ ಕೆಸರು. ನೀರು ಅದರ ಮೇಲಿನ ಪದರ ಅಷ್ಟೆ. ನಮ್ಮ ಕಡೆಯ ಅತಿ ಚಂದದ ‘ಕೆರೆ’ಗಳಲ್ಲಿ ಒಂದು ನಿಜದಲ್ಲಿ ಕಾರ್ಖಾನೆಯ ಕಸದ ಗುಂಡಿ. ಸುಮ್ನೆ ಹೋಗಿ ನೋಡಿ ಬರುವ ಜಾಗವೂ ಅಲ್ಲ.

ಕಸವೆಲ್ಲ ಒಡ್ಡಿನ ಹಿಂದೆ ನಿಂತಿದ್ದರೆ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. ಇದು ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ. ಅಗೆದ ಗುಡ್ಡದ ಮಣ್ಣು ಮಳೆಗಾಲದಲ್ಲಿ ನೇರ ಭದ್ರೆಗೆ ಇಳಿಯುತ್ತಿತ್ತು. ಹತ್ತಿರದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಘಟ್ಟ ಇಳಿಯುತ್ತಾಳೆ. ತುಂಗೆ ಶೃಂಗೇರಿಯತ್ತ, ಭದ್ರೆ ಕಳಸದತ್ತ ಹೋಗಿ ಕೊನೆಗೆ ನಮ್ಮ ಕೂಡ್ಲಿಯಲ್ಲಿ ಸೇರುತ್ತಾರೆ. ಗಣಿ ಕೂತಿದ್ದು ಭದ್ರೆಯ ನೆತ್ತಿಯ ಮೇಲೆ. ಹಾಗಾಗಿ ಅಲ್ಲಿಯ ಹೂಳು ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ನಂಬಿದವರ ಚಿಂತೆಯೂ ಆಯಿತು.

1987ರಲ್ಲಿ ಸಿಂಗಳೀಕಗಳ ಈ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಲು ಅಧಿಸೂಚನೆ ಬಂತು. ಸುಮಾರು 600 ಚದರ ಕಿಲೋಮೀಟರ್. 2001ರ ಅಂತಿಮ ಅಧಿಸೂಚನೆಯಲ್ಲಿ ಗಣಿಗೆ ಕೊಟ್ಟ ಜಾಗದ ಬಹುಪಾಲು ಗಡಿಯಿಂದ ಹೊರಗುಳಿಯಿತು. ಉದ್ದಿನವಡೆ ನಡುವಿನ ತೂತಿನ ಹಾಗೆ! ಅಷ್ಟು ಹೊತ್ತಿಗೆ, ಕಂಪನಿ ಶುರುವಾಗುವ ಮೊದಲೇ ಕೊಟ್ಟಿದ್ದ ಮೂವತ್ತು ವರ್ಷದ ಗಣಿ ಗುತ್ತಿಗೆಯೂ 1999ಕ್ಕೆ ಮುಗಿದಿತ್ತು. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬುದೇ ಮುಖ್ಯ ಜಗಳ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿ ನಿಲ್ಲಬೇಕು. ಆ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು.

ತೀರ್ಪು ಸರಿಯೇ ಎನ್ನುವವನು ನಾನು. ಆದರೂ ಅದು ಎಲ್ಲರಿಗೂ ಸಿಹಿಯಾಗಿರಲಿಲ್ಲ. ಟೌನ್‌ಶಿಪ್ ಕೆಲವೇ ವರ್ಷಗಳಲ್ಲಿ ಖಾಲಿಯಾಯಿತು. ಉದ್ಯಾನದೊಳಗಿನ ಹಳ್ಳಿಗಳವರಿಗೆ ಗಣಿಗಿಂತ ಒಕ್ಕಲೆಬ್ಬಿಸುವ ಭಯವೇ ಜಾಸ್ತಿ ಇತ್ತು. ಅದೇ ವರ್ಷಗಳಲ್ಲಿ ನಕ್ಸಲರು ಈ ಕಾಡಿನಲ್ಲಿ ಬೇರು ಬಿಟ್ಟದ್ದಕ್ಕೂ ಈ ಅಸಮಾಧಾನಕ್ಕೂ ನಂಟಿದೆ.

ಗಣಿ ನಿಂತ ಮೇಲೆ ಟೌನ್‌ಶಿಪ್ಪನ್ನು ಪ್ರವಾಸಿ ತಾಣ ಮಾಡುವ ಮಾತು ಬಂತು. ಇಕೋ ಟೂರಿಸಂ ಎಂಬ ಹೆಸರೂ ಸಿಕ್ಕಿತು. ಕಾಡಿನ ನಡುವೆ ರೆಸಾರ್ಟ್ ಮಾಡುವುದಕ್ಕೆ ಗಣಿ ಮುಚ್ಚಿಸಬೇಕಿತ್ತಾ ಅಂತ ಪರಿಸರದವರು ಕೇಳಿದರು. ಆ ಪ್ರಶ್ನೆ ಇನ್ನೂ ತಣ್ಣಗಾಗಿಲ್ಲ. ಹಾಗಾಗಿ ಜನ ನೋಡುವುದು ಊರನ್ನಲ್ಲ, ಸುತ್ತಲಿನದನ್ನು: ರಸ್ತೆಬದಿಯ ಕಡಾಂಬಿ ಅಬ್ಬಿ, ಮೆಟ್ಟಿಲಿಳಿದು ನೋಡಬೇಕಾದ ಹನುಮನಗುಂಡಿ, ಗಂಗಾಮೂಲದ ಭಗವತಿ, ಮುಂದೆ ಕಳಸ, ಹೊರನಾಡು. ಚಾರಣಕ್ಕಂತೂ ಮೊದಲೇ ಬುಕ್ ಮಾಡಿಕೊಂಡೇ ಹೊರಡಬೇಕು.

ಅದಿರು ಸಾಗಿಸಿದ ಕಂಪನಿ ಹೋಯಿತು, ಆ ಕಾಲದ ರಸ್ತೆಯಲ್ಲಿ ಈಗ ಟಿಟಿಗಳು ಓಡುತ್ತವೆ. ಅಗೆಯುವುದು ನಿಂತರೂ ಒಂದು ಕೆಲಸ ಮಾತ್ರ ನಿಲ್ಲುವ ಹಾಗಿಲ್ಲ. ಪ್ರತಿ ಮಳೆಗಾಲವೂ ಲಕ್ಯಾದ ಒಡ್ಡು ಕಾಯಬೇಕು, ಕೋಡಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಹಿಂದೆ ನಿಂತಿರುವ ಕೆಸರು ಎಲ್ಲೂ ಹೋಗಿಲ್ಲ.