ಲಿಂಕ್ ನೆಚ್ಚಬೇಕಾದದ್ದು ನೋಡ್‌ನ ಗುರುತನ್ನು, ಸ್ಥಾನವನ್ನಲ್ಲ

ಕಾರ್ಖಾನೆಯ ಯಂತ್ರಗಳ ನಿರ್ವಹಣೆಗೆಂದು ಬರೆದ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ಗಮನಿಸಿ. ಎಡಗಡೆಯ ಟ್ರೀ ವ್ಯೂನಲ್ಲಿ ಯಂತ್ರ, ಅದರೊಳಗೆ ಪಂಪ್, ಪಂಪಿನೊಳಗೆ ಬೇರಿಂಗ್, ಸೀಲ್, ಕೊಳವೆ ಎಂದು ಕವಲೊಡೆದ ಪಟ್ಟಿ ಇರುತ್ತದೆ; ಅದರ ಒಂದೊಂದು ನಮೂದೂ ಒಂದು ನೋಡ್. ಬಲಗಡೆ ತಪಾಸಣಾ ವರದಿ. ವರದಿಯಲ್ಲಿ ‘ಎರಡನೇ ಪಂಪಿನ ಸೀಲ್ ಸೋರುತ್ತಿದೆ’ ಎಂಬ ಲಿಂಕ್ ಒತ್ತಿದರೆ ಎಡಗಡೆ ಅದೇ ಸೀಲ್ ಕಾಣಿಸಬೇಕು. ಇಂಥ ತಂತ್ರಾಂಶಗಳನ್ನು ಕಟ್ಟಲು ಬಳಸುವ ಕ್ಯೂಟ್ (Qt) ಚೌಕಟ್ಟಿನಲ್ಲಿ ಇದರ ಆರಂಭ ಸುಲಭ. ವರದಿಯನ್ನು ತೋರಿಸುವ ಟೆಕ್ಸ್ಟ್ ಬ್ರೌಸರ್ ತಾನೇ ಲಿಂಕ್‌ನ ವಿಳಾಸವನ್ನು ತೆರೆಯಲು ಹೊರಡದಂತೆ ‘ಓಪನ್ ಲಿಂಕ್ಸ್’ ಗುಣವನ್ನು ನಿಲ್ಲಿಸಿ, ‘ಆ್ಯಂಕರ್ ಕ್ಲಿಕ್ಡ್’ ಸಿಗ್ನಲ್ಲನ್ನು (ಲಿಂಕ್ ಒತ್ತಲಾಗಿದೆ ಎಂಬ ಸೂಚನೆಯನ್ನು) ನಮ್ಮ ಫಂಕ್ಷನ್ನಿಗೆ ಜೋಡಿಸಿದರೆ ಸಾಕು.

ಆ ವಿಳಾಸದಲ್ಲಿ ಏನನ್ನು ಬರೆಯಬೇಕು ಎಂಬುದೇ ಮುಖ್ಯ ಪ್ರಶ್ನೆ. ಸಾಲಿನ ಸಂಖ್ಯೆಯನ್ನು ಬರೆದರೆ ಬಳಕೆದಾರರು ಪಟ್ಟಿಯನ್ನು ಬೇರೆ ಕ್ರಮದಲ್ಲಿ ಜೋಡಿಸಿದೊಡನೆ ಲಿಂಕ್ ಬೇರೊಂದು ಭಾಗವನ್ನು ತೋರಿಸುತ್ತದೆ, ಮತ್ತು ನಿರ್ವಹಣೆಯ ಕೆಲಸದಲ್ಲಿ ತಪ್ಪು ಭಾಗವನ್ನು ತೋರಿಸುವ ಲಿಂಕ್, ಕೆಲಸವನ್ನೇ ಮಾಡದ ಲಿಂಕ್‌ಗಿಂತ ಅಪಾಯಕಾರಿ. ಹೆಸರನ್ನು ಬರೆದರೆ ಹೆಸರು ಬದಲಾದಾಗ ಲಿಂಕ್ ಮುರಿಯುತ್ತದೆ. ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕೂ ಇದೆ: ‘ಕೊಳವೆ’ಯ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ ಆಗಿ ಕಂಡರೂ ನಾರ್ಮಲೈಸ್ ಮಾಡದೆ, ಅಂದರೆ ಒಂದೇ ರೂಪಕ್ಕೆ ತಾರದೆ, ಹೋಲಿಸಿದರೆ ಅವು ಬೇರೆ ಬೇರೆ ಪದಗಳೇ. ಆದ್ದರಿಂದ ಡೇಟಾಬೇಸ್‌ನಲ್ಲಿ ಆ ಭಾಗಕ್ಕಿರುವ, ಎಂದೂ ಬದಲಾಗದ ಐಡಿಯೊಂದನ್ನೇ ಲಿಂಕ್ ಹೊರಬೇಕು. ಪೈಥಾನ್‌ನ ಟಿಕಿಂಟರ್ ಎಂಬ ಇಂಥದೇ ಸಾಧನವನ್ನು ಬಳಸುವವರು ನೋಡ್ ಸೇರಿಸುವಾಗಲೇ ಈ ಐಡಿಯನ್ನು ಕೊಟ್ಟುಬಿಡಬಹುದು.

ವಿಳಾಸವನ್ನು ‘ಭಾಗ://42’ (42 ಎಂಬುದು ಐಡಿ) ಎಂಬ ಮಾದರಿಯಲ್ಲಿ ಬರೆಯುವುದನ್ನೂ ತಪ್ಪಿಸಬೇಕು. ಎರಡು ಓರೆಗೆರೆಗಳ ನಂತರ ಬರುವುದನ್ನು ಕ್ಯೂಟ್ ಸರ್ವರ್‌ನ ಹೆಸರೆಂದು ಭಾವಿಸುವುದರಿಂದ 42 ಎಂಬುದು 0.0.0.42 ಎಂಬ ಐಪಿ ವಿಳಾಸವಾಗುತ್ತದೆ, ಇಂಗ್ಲಿಷ್‌ನ ದೊಡ್ಡಕ್ಷರಗಳಿದ್ದರೆ ಅವು ಚಿಕ್ಕಕ್ಷರಗಳಾಗುತ್ತವೆ. ಓರೆಗೆರೆಗಳಿಲ್ಲದೆ ‘ಭಾಗ:42’ ಎಂದಿಟ್ಟರೆ ಈ ತೊಂದರೆಯಿಲ್ಲ. ನಿಜವಾದ ಕೋಡ್‌ನಲ್ಲಿ ‘ಭಾಗ’ದ ಜಾಗಕ್ಕೆ ಇಂಗ್ಲಿಷ್ ಅಕ್ಷರಗಳ ಸ್ಕೀಮ್ (ವಿಳಾಸದ ಆರಂಭದ ಗುರುತುಪದ) ಬೇಕು.

ಐಡಿಯಿಂದ ನೋಡ್ ಸಿಕ್ಕ ಮೇಲೆ ಅದನ್ನು ಕಣ್ಣೆದುರಿಗೆ ತರುವ ‘ಸ್ಕ್ರೋಲ್ ಟು’ ಕರೆದರೆ ಮುಚ್ಚಿರುವ ಮೇಲಿನ ಕವಲುಗಳನ್ನು ಟ್ರೀ ವ್ಯೂ ತಾನೇ ತೆರೆಯುತ್ತದೆ. ಆದರೆ ಹುಡುಕಾಟದ ಫಿಲ್ಟರ್ ಆ ನೋಡನ್ನು ಮರೆಮಾಡಿದ್ದರೆ ಪಟ್ಟಿಯ ದತ್ತಾಂಶವಿರುವ ಮಾಡೆಲ್‌ಗೂ ಟ್ರೀ ವ್ಯೂಗೂ ನಡುವೆ ನಿಂತು ಶೋಧಿಸುವ ಪ್ರಾಕ್ಸಿ ಮಾಡೆಲ್ ಅಮಾನ್ಯ ಇಂಡೆಕ್ಸ್ ಕೊಡುತ್ತದೆ, ಅಂದರೆ ತೋರಿಸಲು ಸ್ಥಾನವೇ ಸಿಗುವುದಿಲ್ಲ. ಆಗ ಸುಮ್ಮನಿರುವುದೂ ಸರಿಯಲ್ಲ, ಕೇಳದೆ ಫಿಲ್ಟರ್ ಅಳಿಸುವುದೂ ಸರಿಯಲ್ಲ. ‘ಈ ಭಾಗವನ್ನು ಫಿಲ್ಟರ್ ಮರೆಮಾಡಿದೆ’ ಎಂದು ತಿಳಿಸಿ, ಫಿಲ್ಟರನ್ನು ತೆಗೆದುಹಾಕುವ ಗುಂಡಿಯನ್ನು ಪಕ್ಕದಲ್ಲೇ ಕೊಡಬೇಕು. ಕವಲುಗಳನ್ನು ಬೇಕಾದಾಗ ಮಾತ್ರ ಲೋಡ್ ಮಾಡುವ ದೊಡ್ಡ ಪಟ್ಟಿಗಳಲ್ಲಂತೂ ಮಾಡೆಲ್‌ನಲ್ಲಿ ಆ ನೋಡ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಡೇಟಾಬೇಸ್‌ನಿಂದ ಅದರ ಪೋಷಕರ ಸರಣಿಯನ್ನು ಬೇರಿನವರೆಗೆ, ಅಂದರೆ ಎಲ್ಲಕ್ಕಿಂತ ಮೇಲಿನ ನೋಡಿನವರೆಗೆ ಪಡೆದು, ಮೇಲಿನಿಂದ ಒಂದೊಂದೇ ಹಂತವನ್ನು ಲೋಡ್ ಮಾಡುತ್ತ ಇಳಿಯಬೇಕಾಗುತ್ತದೆ.

ಪರೀಕ್ಷೆಯಲ್ಲಿ ಹೆಚ್ಚಾಗಿ ತಪ್ಪಿಸಿಕೊಳ್ಳುವ ದೋಷವೊಂದಿದೆ. ಟ್ರೀಯಲ್ಲಿ ಆಯ್ಕೆ ಬದಲಾದಾಗ ಬಲಗಡೆ ಆ ಭಾಗದ ವಿವರ ತೋರಿಸುವ ಏರ್ಪಾಡು ಸಾಮಾನ್ಯವಾಗಿ ಮೊದಲೇ ಇರುತ್ತದೆ. ಲಿಂಕ್ ಒತ್ತಿದಾಗಲೂ ಅದೇ ಸಿಗ್ನಲ್ ಹೊರಟು, ತಂತ್ರಜ್ಞರು ಓದುತ್ತಿದ್ದ ವರದಿಯೇ ಮಾಯವಾಗುತ್ತದೆ. ಲಿಂಕ್‌ನಿಂದ ಬಂದ ಆಯ್ಕೆಗೆ ಆ ಏರ್ಪಾಡನ್ನು ತಡೆದು, ಕೀಬೋರ್ಡ್ ಫೋಕಸ್ಸನ್ನು ವರದಿಯಲ್ಲೇ ಉಳಿಸಿದರೆ ಅವರು ಟ್ಯಾಬ್ ಒತ್ತಿ ಮುಂದಿನ ಲಿಂಕ್‌ಗೆ ಹೋಗಬಹುದು.