ಲೋಡರ್ ಲಾಕ್ ಮುರಿಯುವುದು ಬರೀ ಭಾರಕ್ಕಲ್ಲ

ಟ್ರ್ಯಾಕ್ಟರ್ ಲೋಡರ್‌ಗೆ ಕ್ವಿಕ್ ಹಿಚ್ (ಬಕೆಟ್, ಫೋರ್ಕುಗಳನ್ನು ಬೇಗ ಹಾಕಿ ತೆಗೆಯುವ ಜೋಡಣೆ) ಹಾಕಿಸಲು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದು ಎಷ್ಟು ಟನ್ ತಡೆಯುತ್ತೆ ಸರ್?" ನಾನು ತಿರುಗಿ ಕೇಳುವುದು, ಯಾವ ಕೆಲಸಕ್ಕೆ ಅಂತ. ತಿಪ್ಪೆಗೊಬ್ಬರ ತುಂಬೋದಕ್ಕಾ? ಇಟ್ಟಿಗೆ ಪ್ಯಾಲೆಟ್ ಎತ್ತೋದಕ್ಕಾ? ಬಕೆಟ್ಟನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆದು ಜಾಗ ಸಮ ಮಾಡೋದಕ್ಕಾ? ಮೂರೂ ಕೆಲಸದಲ್ಲಿ ಹೊರೆ ಬೀಳುವ ಜಾಗವೇ ಬೇರೆ.

ಹಿಚ್ ಯಾವ ನಮೂನೆಯದಾದರೂ ಸಾಮಾನ್ಯವಾಗಿ ಮೇಲೆ ಒಂದು ಹಿಡಿತ, ಕೆಳಗೆ ಎರಡು ಪಿನ್ ಇರುತ್ತವೆ. ಸ್ಕಿಡ್ ಸ್ಟಿಯರ್ ಅನ್ನುವ ಗಿಡ್ಡ ಲೋಡರ್ ಯಂತ್ರದ ನಮೂನೆಯಲ್ಲಿ ಬಕೆಟ್ಟಿನ ಮೇಲಿನ ಮಡಿಕೆಯೊಳಗೆ ಹಿಚ್ ಪ್ಲೇಟಿನ ಅಂಚು ಕೂರುತ್ತದೆ. ಕೆಳಗಿನ ತೂತುಗಳಿಗೆ ಪಿನ್ ಇಳಿದು ಬಿಗಿಯುತ್ತದೆ. ಯೂರೋ ನಮೂನೆಯಲ್ಲಿ ಬಕೆಟ್ಟಿನ ಕೊಕ್ಕೆಗಳು ಅಡ್ಡ ಪೈಪಿನ ಮೇಲೆ ಕೂತು, ಕೆಳಗೆ ಪಿನ್ ಪಕ್ಕದಿಂದ ತೂರುತ್ತದೆ. ಎರಡಕ್ಕೂ ಐಎಸ್‌ಒ ಅಳತೆಗಳಿವೆ. ಅವು ಇರೋದು ಒಬ್ಬರ ಬಕೆಟ್ ಇನ್ನೊಬ್ಬರ ಲೋಡರ್‌ಗೆ ಕೂರಲಿ ಅಂತ. ಕೂತ ಮಾತ್ರಕ್ಕೆ ತಡೆಯುತ್ತೆ ಅಂತಲ್ಲ. ದೊಡ್ಡ ಸ್ಕಿಡ್ ಸ್ಟಿಯರ್‌ನ ಬಕೆಟ್ 45 ಎಚ್‌ಪಿ ಟ್ರ್ಯಾಕ್ಟರ್‌ಗೂ ಚೆನ್ನಾಗಿಯೇ ಕೂರುತ್ತದೆ. ಆದರೆ ಎತ್ತುವ ಶಕ್ತಿಯ ಒಂದು ಪಾಲನ್ನು ಆ ಬಕೆಟ್ಟೇ ತಿಂದುಬಿಡುತ್ತದೆ.

ಮೊದಲು ಎತ್ತುವ ಲೆಕ್ಕ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ, ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಫೋರ್ಕಿನ (ಪ್ಯಾಲೆಟ್ ಎತ್ತುವ, ಮುಂದಕ್ಕೆ ಚಾಚಿದ ಕೋಲುಗಳ) ಮೇಲೆ 500 ಕೆಜಿ ಇದೆ, ಅದರ ನಡುಭಾಗ ಪ್ಲೇಟಿನಿಂದ ಅರ್ಧ ಮೀಟರ್ ಮುಂದಿದೆ ಅಂದುಕೊಳ್ಳಿ. ಮೇಲಿನ ಹಿಡಿತಕ್ಕೂ ಕೆಳಗಿನ ಆಸರೆಗೂ ನಡುವೆ 40 ಸೆಂ.ಮೀ. ಇದ್ದರೆ, ಮೇಲಿನ ಹಿಡಿತವನ್ನು ಮುಂದಕ್ಕೆ ಎಳೆಯುವ ಬಲ 625 ಕೆಜಿ. ಅದೇ ಹೊರೆ ಫೋರ್ಕಿನ ತುದಿ ಕಡೆಗೆ, ಒಂದು ಮೀಟರ್ ದೂರಕ್ಕೆ ಸರಿದರೆ 1,250 ಕೆಜಿ. ತೂಕ ಒಂದು ಕೆಜಿಯೂ ಜಾಸ್ತಿ ಆಗಿಲ್ಲ, ಅಲ್ವಾ? ಇದು ನಿಂತಲ್ಲಿನ ಲೆಕ್ಕ. ಹೊಲದ ಬದುವಿನ ಮೇಲೆ ಒಮ್ಮೆ ಕುಲುಕಿದರೆ ಇದರ ದುಪ್ಪಟ್ಟಾಗುವುದು ದೊಡ್ಡ ಮಾತೇನಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಎತ್ತುವಾಗ ಎಳೆತವೆಲ್ಲ ಮೇಲಿನ ಹಿಡಿತಕ್ಕೆ. ಬಕೆಟ್ಟಿನ ಕೆಳಭಾಗ ಪ್ಲೇಟಿಗೆ ತಾನಾಗಿಯೇ ಒತ್ತಿಕೊಳ್ಳುವುದರಿಂದ ಪಿನ್‌ಗಳಿಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಅದಕ್ಕೇ ಪಿನ್ ಅರ್ಧ ಕೂತಿದ್ದರೂ ಇಡೀ ದಿನ ಗೊಬ್ಬರ ತುಂಬಿಬಿಡಬಹುದು, ಗೊತ್ತೇ ಆಗುವುದಿಲ್ಲ. ಬಕೆಟ್ಟಿನ ಮೂತಿ ಬಗ್ಗಿಸಿ ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆದ ಕೂಡಲೇ ಎಲ್ಲ ತಿರುವುಮುರುವು. ಈಗ ಕೆಳಭಾಗ ಪ್ಲೇಟಿನಿಂದ ಕಿತ್ತುಕೊಂಡು ಬರಲು ನೋಡುತ್ತದೆ, ತಡೆಯುವುದು ಆ ಎರಡು ಪಿನ್ ಮಾತ್ರ. ಲಾಕ್ ಬಿಚ್ಚಿಹೋಯ್ತು, ಕಿವಿ (ಪಿನ್ ತೂರುವ ತೂತಿನ ಪಟ್ಟಿ) ಹರಿಯಿತು ಅಂತ ಬರುವ ಲೋಡರ್‌ಗಳಲ್ಲಿ ಬಹಳಷ್ಟು ಸಮ ಮಾಡುವ ಕೆಲಸದಲ್ಲೇ ಕೆಟ್ಟಿರುತ್ತವೆ. ಮುಂದಿನ ಚಕ್ರ ಮೇಲೇಳುವಷ್ಟು ಬಕೆಟ್ ಒತ್ತುವವರಿದ್ದಾರಲ್ಲ, ಅವರಿಗಂತೂ ಈ ಮಾತು ಎರಡು ಸಲ ಹೇಳಬೇಕು.

ಮೂಲೆಯ ಏಟು ಇನ್ನೊಂದು ಬಗೆ. 1.8 ಮೀಟರ್ ಅಗಲದ ಬಕೆಟ್ಟಿನ ಎಡ ಮೂಲೆಗೆ ಕಲ್ಲು ಸಿಕ್ಕಿ 1,000 ಕೆಜಿ ಬಲ ಬಿತ್ತು ಅನ್ನಿ. ಎರಡು ಬದಿಯ ಹಿಡಿತಗಳ ನಡುವೆ ಒಂದು ಮೀಟರ್ ಇದ್ದರೆ, ಎಡಬದಿಗೆ 1,400 ಕೆಜಿ ಒತ್ತಡ, ಬಲಬದಿಗೆ 400 ಕೆಜಿ ಎಳೆತ. ಕಲ್ಲು ಎಡಕ್ಕೆ ತಾಗಿದರೂ ಬಲಗಡೆಯ ಕಿವಿ ಹರಿಯುವುದು ಇದಕ್ಕೇ.

"ಹೈಡ್ರಾಲಿಕ್‌ನಲ್ಲಿ ರಿಲೀಫ್ ವಾಲ್ವ್ ಇದೆಯಲ್ಲ, ಜಾಸ್ತಿ ಆದರೆ ಅದೇ ಬಿಡುತ್ತೆ" ಅನ್ನುವವರೂ ಉಂಟು. ಅದು ಪಂಪ್ ಕೊಡುವ ಒತ್ತಡಕ್ಕೆ ಮಿತಿ ಹಾಕುತ್ತದೆ. ಲಿವರ್ ನಡುವಿನಲ್ಲಿದ್ದಾಗ ಎಣ್ಣೆ ಸಿಲಿಂಡರ್ ಒಳಗೇ ಸಿಕ್ಕಿಕೊಂಡಿರುತ್ತದೆ. ಆಗ ಹೊರಗಿನಿಂದ ಬಂದ ಏಟು ಆ ವಾಲ್ವಿನವರೆಗೆ ಹೋಗುವುದೇ ಇಲ್ಲ. 2,500 ಕೆಜಿಯ ಟ್ರ್ಯಾಕ್ಟರ್ ಗಂಟೆಗೆ 7 ಕಿ.ಮೀ. ವೇಗದಲ್ಲಿ ಗಟ್ಟಿ ಗುಡ್ಡೆಗೆ ನುಗ್ಗಿ 5 ಸೆಂ.ಮೀ.ನಲ್ಲಿ ನಿಂತರೆ ಸರಾಸರಿ ಬಲವೇ ಒಂಬತ್ತೂವರೆ ಟನ್ ದಾಟುತ್ತದೆ. ವೇಗ ಅರ್ಧ ಮಾಡಿ, ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹೊಸ ಹಿಚ್‌ಗೆ ದುಡ್ಡು ಸುರಿಯುವ ಮೊದಲು ಡ್ರೈವರ್‌ಗೆ ಗೇರ್ ಇಳಿಸಲು ಹೇಳಿ.

ಕಂಪನಿ ಕಾಗದದಲ್ಲಿ ಬರೆದ ಎತ್ತುವ ತೂಕವನ್ನೂ ಸ್ವಲ್ಪ ಬಿಡಿಸಿ ಓದಬೇಕು. ಅದು ಬೂಮಿನ (ಲೋಡರಿನ ಎತ್ತುವ ತೋಳಿನ) ತುದಿಯಲ್ಲಿ ಬಕೆಟ್ ತಿರುಗುವ ಪಿನ್ ಹತ್ತಿರದ ಲೆಕ್ಕವೋ, ಅಲ್ಲಿಂದ ಅರ್ಧ ಮೀಟರ್ ಮುಂದಿನದೋ? ಪಿನ್ ಹತ್ತಿರ 800 ಕೆಜಿ ಅಂದರೆ ಅದರಲ್ಲಿ ಹಿಚ್ 60, ಬಕೆಟ್ 150 ಕಳೆಯಿರಿ. ಉಳಿದದ್ದು 590. ಹಿಚ್ ಸೇರಿದ್ದರಿಂದ ಬಕೆಟ್ ಕೆಲವು ಇಂಚು ಮುಂದಕ್ಕೂ ಹೋಗಿರುತ್ತದೆ, ಹಾಗಾಗಿ ನಿಜವಾಗಿ ಸಿಗುವುದು ಇನ್ನೂ ಕಡಿಮೆ. ಒದ್ದೆ ಮರಳು ಘನ ಮೀಟರಿಗೆ ಎರಡು ಟನ್ ಹತ್ತಿರ ತೂಗುತ್ತದೆ. 0.35 ಘನ ಮೀಟರ್ ಬಕೆಟ್ ತುಂಬಿದರೆ ಅಲ್ಲಿಗೇ ಮಿತಿ ದಾಟಿತು. ಒಣ ಗೊಬ್ಬರ ಆದರೆ ಚಿಂತೆಯಿಲ್ಲ.

ಪಿನ್ ದಪ್ಪ ಮಾಡಿಸಿದರೆ ಸಾಕು ಅನ್ನುವುದು ಗ್ಯಾರೇಜಿನ ಮಾಮೂಲಿ ಸಲಹೆ. 25 ಮಿ.ಮೀ.ನ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಪಿನ್ ಕೂಡ ತೂತಿನಲ್ಲಿ ಬಿಗಿಯಾಗಿದ್ದರೆ ಸುಮಾರು 7 ಟನ್ ಕತ್ತರಿ ಹೊರೆಯವರೆಗೂ (ಪಿನ್ನನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಬಲ) ಆಕಾರ ಬಿಡುವುದಿಲ್ಲ. ತೂತು ಸವೆದು ಮೊಟ್ಟೆಯಾಕಾರ ಆದಾಗ ಪಿನ್‌ಗೆ ಬಾಗುವ ಹೊರೆ ಬೀಳುತ್ತದೆ. ಸಡಿಲ ಇರುವುದರಿಂದ ಪ್ರತಿ ಕುಲುಕಿಗೂ ಟಕ್ ಟಕ್ ಅಂತ ಏಟು ಬೇರೆ. ಹಾಗಾಗಿ ಮೊದಲು ತೂತು ನೋಡಿ. ಪ್ರತಿ ಸಲ ಬಕೆಟ್ ಹಾಕಿದ ಮೇಲೆ ಸೀಟಿನಿಂದ ಇಳಿದು, ಎರಡೂ ಪಿನ್ ತೂತು ದಾಟಿ ಹೊರಗೆ ಬಂದಿವೆಯಾ ಅಂತ ಕಣ್ಣಾರೆ ನೋಡಿ. ಲಿವರ್ ಬಿದ್ದಿದೆ ಅನ್ನುವುದು ಸಾಕ್ಷಿಯಲ್ಲ, ಕೆಳಗೆ ಮಣ್ಣು ಕಚ್ಚಿಕೊಂಡು ಪಿನ್ ಅರ್ಧಕ್ಕೇ ನಿಂತಿರಬಹುದು. ಆಮೇಲೆ ಬಕೆಟ್ ಮೂತಿಯನ್ನು ನೆಲಕ್ಕೆ ಮೆಲ್ಲಗೆ ಒತ್ತಿ ನೋಡಿ. ಕೆಳಭಾಗ ಪ್ಲೇಟಿನಿಂದ ಬಾಯಿ ಬಿಟ್ಟರೆ ಲಾಕ್ ಆಗಿಲ್ಲ.

ವೆಲ್ಡಿಂಗ್ ಪಕ್ಕದಲ್ಲಿ ಪೇಂಟ್ ಬಿರಿದು ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕೇ. ಅದರ ಮೇಲೆ ಸುಮ್ನೆ ಇನ್ನೊಂದು ಸಾಲು ವೆಲ್ಡಿಂಗ್ ಎಳೆಸಬೇಡಿ. ಬಿರುಕಿನ ಬುಡದವರೆಗೆ ಗ್ರೈಂಡ್ ಮಾಡಿಸಿ, ಒಣಗಿದ 7018 ನಂಬರಿನ ವೆಲ್ಡಿಂಗ್ ರಾಡ್‌ನಲ್ಲಿ ತುಂಬಿಸಿ. ಪ್ಲೇಟೇ ಬಾಗಿದ್ದರೆ ರಿಪೇರಿಗೆ ಖರ್ಚು ಮಾಡದೆ ಹಿಚ್ಚನ್ನೇ ಬದಲಿಸಿ.