ಕ್ಯಾರಲುಮ ಟಿಪ್ಪಣಿ: ಹೂವಿದ್ದರೂ ಕಾಯಿ ಯಾಕಿಲ್ಲ?

ಕ್ಯಾರಲುಮ ಎಂದರೆ ಬಂಡೆಗುಡ್ಡದಲ್ಲಿ ಬೆಳೆಯುವ, ನೀರು ತುಂಬಿದ ಮೂಲೆಮೂಲೆ ಕಾಂಡದ ಗಿಡ. ಗುರುತು ಹಿಡಿಯುವುದು ಮೊದಲು. ಮಧುಗಿರಿ, ಪಾವಗಡ ಕಡೆಯ ಬಂಡೆಗುಡ್ಡದಲ್ಲಿ ನಾಲ್ಕು ಮೂಲೆಯ ಹಸಿರು ಕಾಂಡ ಕಂಡ ಕೂಡಲೇ ಕ್ಯಾರಲುಮ ಎಂದು ಬರೆದುಕೊಳ್ಳಬೇಡಿ. ಗೆಣ್ಣುಗೆಣ್ಣಿಗೂ ಸಣ್ಣಗಾಗಿ, ತಂತು ಬಿಟ್ಟು ಹಬ್ಬಿದ್ದರೆ ಅದು ಮಂಗರವಳ್ಳಿ. ಸೂಜಿಯಲ್ಲಿ ಚುಚ್ಚಿದಾಗ ಬಿಳಿ ಹಾಲು ಬಂದರೆ ಕಳ್ಳಿ. ಕ್ಯಾರಲುಮದಲ್ಲಿ ಬರುವುದು ನೀರಿನಂಥ ರಸ; ಮುರಿದು ನೋಡುವ ಅಗತ್ಯವೇ ಇಲ್ಲ. ಕಾಂಡ ಮೇಲೆ ಹೋದಂತೆ ಚೂಪಾಗಿ, ಹೂಗಳು ಅದರುದ್ದಕ್ಕೂ ಒಂದೊಂದಾಗಿ ಬಂದಿದ್ದರೆ ಅದು ಕ್ಯಾರಲುಮದ ಒಂದು ಜಾತಿಯಾದ ಅಡ್‌ಸೆಂಡೆನ್ಸ್. ತುದಿಯವರೆಗೂ ದಪ್ಪವಿದ್ದು ತುದಿಯಲ್ಲೇ ಗೊಂಚಲಾಗಿದ್ದರೆ ಇನ್ನೊಂದು ಜಾತಿ, ಅಂಬೆಲೇಟ.

ಎಲ್ಲರೂ ಎಡವುವ ಜಾಗ ಪರಾಗಸ್ಪರ್ಶ. ಇದು ಎಕ್ಕದ ಕುಟುಂಬ. ಇಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಮೇಣದ ಗಟ್ಟಿಯಂತೆ ಅಂಟಿಕೊಂಡಿರುತ್ತದೆ. ಅದಕ್ಕೆ ಪೊಲೀನಿಯಂ ಎಂದು ಹೆಸರು. ಎರಡು ಪೊಲೀನಿಯಂ ಒಂದು ಸಣ್ಣ ಕ್ಲಿಪ್ಪಿಗೆ ಜೋತುಬಿದ್ದಿರುತ್ತವೆ. ಆ ಎರಡೂ ಒಂದೇ ಪರಾಗಕೋಶದವು ಎಂದುಕೊಂಡರೆ ಚಿತ್ರ ಪೂರ್ತಿ ತಪ್ಪುತ್ತದೆ. ಒಂದು ಎಡಗಡೆಯ ಪರಾಗಕೋಶದ್ದು, ಇನ್ನೊಂದು ಬಲಗಡೆಯದ್ದು. ಕ್ಲಿಪ್ ಕೂತಿರುವುದು ಇವೆರಡರ ನಡುವಿನ ಸೀಳಿನ ಮೇಲೆ. 5 ಪರಾಗಕೋಶ, 5 ಸೀಳು, 5 ಕ್ಲಿಪ್, 10 ಪೊಲೀನಿಯಂ. ಲೆಕ್ಕ ಹೀಗೆ ಕೂತರೆ ಮುಂದಿನದು ಸಲೀಸು.

ಕೈಯಲ್ಲಿ ಮಾಡಿ ನೋಡಲು ರಸ್ತೆಬದಿಯ ಎಕ್ಕದ ಹೂವೇ ಸಾಕು. ನಡುವಿನ ಐದು ಮೂಲೆಯ ತಟ್ಟೆಯ ಪ್ರತಿ ಮೂಲೆಯಲ್ಲೂ ಒಂದು ಕಪ್ಪು ಚುಕ್ಕೆ ಇದೆ, ಅದೇ ಕ್ಲಿಪ್. ಅದರ ಕೆಳಗಿನ ಸೀಳಿಗೆ ಸಣ್ಣ ಸೂಜಿ ತೂರಿಸಿ ನಿಧಾನವಾಗಿ ಮೇಲಕ್ಕೆ ಎಳೆದರೆ, ಕಪ್ಪು ಚುಕ್ಕೆಯ ಜೊತೆ ಎರಡು ಹಳದಿ ಗಟ್ಟಿಗಳು ಜೋತಾಡುತ್ತಾ ಬರುತ್ತವೆ. 10 ಪಟ್ಟಿನ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಡ್ಡಡ್ಡ ಎಳೆದರೆ ಕ್ಲಿಪ್ ಜಾರುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಕೈ ತೊಳೆದುಕೊಳ್ಳಿ.

ಕ್ಯಾರಲುಮದಲ್ಲಿ ಸೂಜಿಯ ಕೆಲಸ ನೊಣದ್ದು. ಕೊಳೆತ ಮಾಂಸದಂಥ ವಾಸನೆಗೆ ಬಂದ ನೊಣದ ಬಾಯಿಯ ಭಾಗಕ್ಕೆ ಕ್ಲಿಪ್ ಕಚ್ಚಿಕೊಳ್ಳುತ್ತದೆ. ಅದೇ ನೊಣ ಇನ್ನೊಂದು ಹೂವಿಗೆ ಹೋಗಿ, ಆ ಗಟ್ಟಿ ಸರಿಯಾಗಿ ಸೀಳಿನೊಳಗೆ ಕೂತರೆ ಮಾತ್ರ ಕಾಯಿ. ಎರಡು ಸಲ ಗುರಿ ಸರಿಯಾಗಬೇಕು. ಗಿಡಗಳು ದೂರ ದೂರವಾದಷ್ಟೂ ಅದು ಕಷ್ಟ.

ಹಾಗಾಗಿ ಸಮೀಕ್ಷೆಯಲ್ಲಿ ಕಾಂಡ ಎಣಿಸಿ ಸಮಾಧಾನಪಟ್ಟುಕೊಳ್ಳಬಾರದು. ನೆಲಕ್ಕೆ ತಾಗಿದ ಕಾಂಡ ಬೇರುಬಿಟ್ಟು ಹರಡುವುದರಿಂದ 30 ಕಾಂಡದ ಪೊದೆ ಒಂದೇ ಗಿಡವಿರಬಹುದು. ಪೊದೆಗಳ ಸಂಖ್ಯೆ, ಅವುಗಳ ನಡುವಿನ ಅಂತರ, ಕೊಂಬಿನಂಥ ಕಾಯಿಗಳು, ಸುತ್ತ ಎಳೆ ಸಸಿ: ಈ ನಾಲ್ಕನ್ನೂ ಬರೆಯಿರಿ.

ಅಪಾಯಗಳು. ಕಲ್ಲುಗಣಿ ಬಂಡೆಯ ಸಂದಿನ ಮಣ್ಣನ್ನೇ ಒಯ್ಯುತ್ತದೆ, ಅದು ಮತ್ತೆ ಕೂಡುವ ಮಾತಿಲ್ಲ. ಹೊಸ ಹುಲ್ಲಿಗೆಂದು ಹಚ್ಚುವ ಬೆಂಕಿಗೆ ತೊಗಟೆಯಿಲ್ಲದ ನೀರುಗಾಂಡ ಬೆಂದೇ ಹೋಗುತ್ತದೆ. ಕಾರೆ, ಕವಳೆಯ ಮುಳ್ಳುಪೊದೆ ಸವರಿದರೆ ಅದರಡಿ ಅಡಗಿದ್ದ ಗಿಡ ಮೇಕೆಯ ಬಾಯಿಗೆ. ತೂಕ ಇಳಿಸುವ ಪುಡಿಗೆ ಅಡ್‌ಸೆಂಡೆನ್ಸನ್ನು ಬೇರುಸಮೇತ ಕೀಳುವುದಂತೂ ತೀರಾ ಅನ್ಯಾಯ. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಕುರುಚಲು ಗುಡ್ಡವನ್ನು ‘ಖಾಲಿ ಜಾಗ’ ಎಂದು ಸಸಿ ನೆಡಲು ಗುಂಡಿ ತೋಡುವ ಮೊದಲು, ಆ ಮುಳ್ಳುಪೊದೆಗಳ ಬುಡವನ್ನು ಬಗ್ಗಿ ನೋಡಬೇಕು.